ಪ್ರಾಂಪ್ಟರನ ಸ್ಟೂಲು

ರಂಗದ ಎಡಬದಿಯ ವಿಂಗ್‌ನಲ್ಲಿ, ಕಪ್ಪು ಪರದೆಯ ಮಡಿಕೆಗೆ ತಾಗಿದಂತೆ ಒಂದು ಸ್ಟೂಲು ಇರುತ್ತದೆ. ಪ್ರೇಕ್ಷಕರಿಗೆ ಅದು ಕಾಣುವುದಿಲ್ಲ. ಅದರ ಮೇಲೆ ಕೂತವನು ಹಸ್ತಪ್ರತಿಯನ್ನು ತೊಡೆಯ ಮೇಲೆ ಹರಡಿಕೊಂಡು, ನಟರು ಮಾತು ಮರೆತಾಗ ಮುಂದಿನ ಪದವನ್ನು ಪಿಸುದನಿಯಲ್ಲಿ ಎತ್ತಿಕೊಡುತ್ತಾನೆ. ಅವನನ್ನು ಪ್ರಾಂಪ್ಟರ್ ಎನ್ನುತ್ತಾರೆ. ಡೊಂಬಿವಲಿಯ ನಮ್ಮ ಕನ್ನಡ ಸಂಘದ ಹವ್ಯಾಸಿ ನಾಟಕ ತಂಡದಲ್ಲಿ ಸುಮಾರು ಎರಡು ದಶಕಗಳಿಂದ ಆ ಸ್ಟೂಲು ನನ್ನದು. ಎದುರಿನ ಬೆಳಕಿನಲ್ಲಿ ನಿಲ್ಲುವ ಮುಖ್ಯ ಪಾತ್ರ ಬಹುಮಟ್ಟಿಗೆ ನನ್ನ ಹೆಂಡತಿಯದು.

ಕಳೆದ ವರ್ಷದ ವಾರ್ಷಿಕ ನಾಟಕಕ್ಕೆ ಆ ಜಾಗದಲ್ಲಿ ನಾನು ಕೂರಬೇಕೇ ಅಥವಾ ಒಂದು ಕೃತಕ ಬುದ್ಧಿಮತ್ತೆಯ ಏಜೆಂಟ್ ಸಾಕೇ ಎಂಬ ಪ್ರಶ್ನೆ ಎದ್ದಿತು. ಅದನ್ನು ನಾನು ಸಭೆಗಳಲ್ಲಿ ಹಕ್ಕುಗಳ ಪ್ರಶ್ನೆಯೆಂದು, ಭಾಷೆಯ ಪ್ರಶ್ನೆಯೆಂದು, ಶ್ರಮದ ಘನತೆಯ ಪ್ರಶ್ನೆಯೆಂದು ಮಂಡಿಸಿದೆ. ಅವೆಲ್ಲವೂ ನಿಜವೇ. ಆದರೆ ಅವುಗಳ ಅಡಿಯಲ್ಲಿ ಹೊಗೆಯಾಡುತ್ತಿದ್ದದ್ದು ಹೊಟ್ಟೆಕಿಚ್ಚು. ಯಾವುದನ್ನೇ ಆಗಲಿ ಅದರ ಹೆಸರಿನಿಂದಲೇ ಕರೆಯಬೇಕೆಂದು ನಾನು ಕಲಿತ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಆದ್ದರಿಂದ ಇದನ್ನೂ ಅದರ ಹೆಸರಿನಿಂದಲೇ ಕರೆಯುತ್ತೇನೆ.

ನಾನು ಉಡುಪಿ ಕಡೆಯವನು, ಅವಳು ಧಾರವಾಡದವಳು. ರಬಾಳೆಯ ಕಾರ್ಖಾನೆಯೊಂದರಲ್ಲಿ ನಾನು ಗುಣಮಟ್ಟ ಪರೀಕ್ಷೆಯ ವಿಭಾಗದಲ್ಲಿದ್ದು ನಿವೃತ್ತನಾದೆ. ಅವಳಿಗೆ ಠಾಣೆಯ ವಿಮಾ ಕಚೇರಿಯಲ್ಲಿ ಇನ್ನೂ ಸೇವೆ ಉಳಿದಿದೆ. ನಮ್ಮ ಮದುವೆಯಲ್ಲಿ ಜಾತಿ ನೋಡಲಿಲ್ಲ, ಜಾತಕ ನೋಡಲಿಲ್ಲ, ಮನೆಗೆಲಸವನ್ನು ಹಂಚಿಕೊಂಡೆವು. ಇಷ್ಟಾಗಿಯೂ ನಮ್ಮ ದಾಂಪತ್ಯದ ನಿಜವಾದ ಏಕಾಂತ ಯಾವುದೆಂದು ಕೇಳಿದರೆ, ಅದು ನಾಟಕದ ತಿಂಗಳುಗಳಲ್ಲಿ ಅಡುಗೆಮನೆಯಲ್ಲಿ ನಡೆಯುತ್ತಿದ್ದ ಬಾಯಿಪಾಠ. ಅವಳು ಮೆಂತೆಸೊಪ್ಪು ಬಿಡಿಸುತ್ತ ಕೂರುವಳು. ನಾನು ಉಳಿದೆಲ್ಲ ಪಾತ್ರಗಳ ಮಾತನ್ನು ಓದುವೆನು. ಅವಳು ತನ್ನ ಮಾತನ್ನು ಹೇಳುವಳು. ನಾನು ಸಾಹುಕಾರನೂ ಆಗುತ್ತಿದ್ದೆ, ಪೊಲೀಸನೂ ಆಗುತ್ತಿದ್ದೆ, ಅವಳ ಅತ್ತೆಯೂ ಆಗುತ್ತಿದ್ದೆ. ಸೊಪ್ಪು ಮುಗಿಯುವಾಗ ಒಂದು ದೃಶ್ಯ ಮುಗಿಯುತ್ತಿತ್ತು.

ಆ ವರ್ಷದ ನಾಟಕವನ್ನು ಬರೆದದ್ದೂ ನಾನೇ. ಹಳೆಯ ಕಟ್ಟಡವೊಂದನ್ನು ಕೆಡವಿ ಹೊಸದು ಕಟ್ಟುವ ರೀಡೆವಲಪ್‌ಮೆಂಟಿನ ಕಥೆ. ಕೆಳಮಹಡಿಯಲ್ಲಿ ಖಾನಾವಳಿ ನಡೆಸುವ ಹೆಂಗಸು ಬಾಡಿಗೆದಾರಳು. ಹೊಸ ಕಟ್ಟಡದಲ್ಲಿ ಅವಳಿಗೆ ಜಾಗವಿಲ್ಲ. ಕೊನೆಯ ದೃಶ್ಯದಲ್ಲಿ ಕಟ್ಟಡದ ಕಮಿಟಿಯ ಅಧ್ಯಕ್ಷ ಅವಳೆದುರು ಕುರ್ಚಿ ಎಳೆದುಕೊಂಡು ಕೂತು, ಎಲ್ಲರೂ ಒಪ್ಪಿದ್ದಾರೆ, ನೀವೇನು ಹೇಳುತ್ತೀರಿ ಎಂದು ಕೇಳುತ್ತಾನೆ. ಆಗ ಅವಳು ಒಂದು ದೀರ್ಘ ಭಾಷಣ ಮಾಡುತ್ತಾಳೆ. ಬಿಲ್ಡರನಿಂದ ಹಿಡಿದು ನಗರಪಾಲಿಕೆಯವರೆಗೆ, ಲಿಫ್ಟಿನಲ್ಲಿ ಕೆಲಸದವರಿಗೆ ಪ್ರವೇಶವಿಲ್ಲವೆಂದು ಬೋರ್ಡು ಹಾಕುವ ಹೌಸಿಂಗ್ ಸೊಸೈಟಿಯವರೆಗೆ, ಅಲ್ಲಿ ಯಾವ ತಪ್ಪೂ ಹೆಸರಿಲ್ಲದೆ ಉಳಿಯುವುದಿಲ್ಲ. ಭಾಷಣದ ಮೊದಲ ಮಾತು: "ಇದು ಅನ್ಯಾಯ."

ಅಧ್ಯಕ್ಷನ ಪಾತ್ರ ಉಲ್ಹಾಸನಗರದಲ್ಲಿ ಹೋಟೆಲು ನಡೆಸುವ ನಮ್ಮ ಕಡೆಯ ಒಬ್ಬರದು. ಇಡೀ ತಂಡದಲ್ಲಿ ನಗು ಹುಟ್ಟಿಸುವವರು ಅವರೊಬ್ಬರೇ. ಹಸ್ತಪ್ರತಿ ಓದಿ ಮುಗಿಸಿ ಅವರು ಹೇಳಿದ್ದು ಇಷ್ಟೇ: "ಭಾಷಣ ಭಾರಿ ಚಂದ ಉಂಟು ಮಾರಾಯ್ರೆ. ಆದ್ರೆ ನಾನು ಅಷ್ಟೊತ್ತು ಎದುರು ಕೂತು ಎಂತ ಮಾಡ್ಲಿ? ಒಂದು ಪ್ಲೇಟ್ ಬೋಂಡ ಇಡಿಸಿ, ತಿಂತಾ ಕೇಳ್ತೇನೆ."

ನಿರ್ದೇಶನವನ್ನು ಆ ವರ್ಷ ಹೊಸ ತಲೆಮಾರಿಗೆ ಒಪ್ಪಿಸಬೇಕೆಂದು ಸಂಘದಲ್ಲಿ ಪ್ರಸ್ತಾಪ ತಂದವನೂ ನಾನೇ. ಆಯ್ಕೆಯಾದವಳು ಕಲ್ಯಾಣದಲ್ಲಿ ಹುಟ್ಟಿ ಬೆಳೆದ ಹುಡುಗಿ. ಅಜ್ಜ ಉಡುಪಿಯವರು, ಅವಳ ಕನ್ನಡದೊಳಗೆ ಹಿಂದಿ, ಮರಾಠಿಗಳು ಹೇಳದೆ ಕೇಳದೆ ಬಂದುಹೋಗುತ್ತವೆ. ಹಗಲು ಅವಳ ಉದ್ಯೋಗ ನವಿಮುಂಬಯಿಯ ಒಂದು ಕಂಪನಿಯಲ್ಲಿ. ಮನುಷ್ಯರು ಮತ್ತು ಏಜೆಂಟುಗಳು ಒಂದೇ ತಂಡವಾಗಿ ಕೆಲಸ ಮಾಡುವುದು ಹೇಗೆ, ಯಾವ ಕೆಲಸ ಯಾರ ಪಾಲಿಗೆ, ಯಾವಾಗ ಯಂತ್ರ ನಿಂತು ಮನುಷ್ಯನನ್ನು ಕೇಳಬೇಕು ಎಂಬುದನ್ನು ವಿನ್ಯಾಸ ಮಾಡುವುದೇ ಅವಳ ಕೆಲಸವಂತೆ.

ಮೊದಲ ತಾಲೀಮಿನ ದಿನ ಶಾಲೆಯ ತರಗತಿಯಲ್ಲಿ ಬೆಂಚುಗಳನ್ನು ಬದಿಗೆ ಸರಿಸಿ ನಾವೆಲ್ಲ ಕೂತಿದ್ದೆವು. ಅವಳು ಫೋನನ್ನು ಮೇಜಿನ ಮೇಲಿಟ್ಟಳು.

"ಅಂಕಲ್, ಇದು ಬರೀ ಆ್ಯಪ್ ಅಲ್ಲ ಹಾಂ. ಏಜೆಂಟ್. ಮತ್ಲಬ್, ಕೆಲಸ ಒಪ್ಪಿಸಿದ್ರೆ ತಾನೇ ನೋಡ್ಕೊಂಡು ಮಾಡ್ತದೆ. ಸ್ಕ್ರಿಪ್ಟ್ ಎಲ್ಲ ಇದಕ್ಕೆ ಗೊತ್ತು. ಯಾರಿಗೆ ಬೇಕೋ ಅವ್ರ ಜೊತೆ ರಿಹರ್ಸಲ್ ಮಾಡ್ತದೆ. ಟ್ರೇನಲ್ಲಿ, ಆಫೀಸಲ್ಲಿ, ಕುಠೇಪಣ್, ಎಲ್ಲಿ ಬೇಕಾದ್ರೂ."

"ಸಂಬಳ?" ಎಂದರು ಹೋಟೆಲಿನವರು.

"ಇಲ್ಲ ಅಂಕಲ್."

"ಊಟ?"

"ಅದೂ ಇಲ್ಲ."

"ಹಾಗಾದ್ರೆ ನಮ್ಮ ಪ್ರಾಂಪ್ಟರ್ ಸಾಹೇಬ್ರಿಗೂ ಇದಕ್ಕೂ ಎಂತ ವ್ಯತ್ಯಾಸ ಮಾರಾಯ್ತಿ? ಇವ್ರು ಒಂದು ಚಾ ಆದ್ರೂ ಕುಡೀತಾರೆ."

ಎಲ್ಲರೂ ನಕ್ಕರು. ನನ್ನ ಹೆಂಡತಿಯೂ ನಕ್ಕಳು. ಶ್ರಮಕ್ಕೆ ಪ್ರತಿಫಲವಿಲ್ಲದಿರುವುದು ನಗುವ ವಿಷಯವಲ್ಲವೆಂದು ನಾನು ಹೇಳಿದೆ. ಆಮೇಲೆ ಯಾರೂ ನಗಲಿಲ್ಲ.

ಆ ವಾರದಿಂದಲೇ ಅಡುಗೆಮನೆಯ ಬಾಯಿಪಾಠ ನಿಂತಿತು. ಅವಳೇನೂ ಘೋಷಣೆ ಮಾಡಿ ನಿಲ್ಲಿಸಲಿಲ್ಲ. ಡೊಂಬಿವಲಿಯಿಂದ ಠಾಣೆಗೆ ಹೋಗುವ ಲೋಕಲಿನ ಲೇಡೀಸ್ ಡಬ್ಬದಲ್ಲಿ, ಎರಡು ಮೊಣಕೈಗಳ ನಡುವೆ ಸಿಕ್ಕಿ ನಿಂತಲ್ಲೇ, ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಪಾಠ ಮುಗಿಸಿಬಿಡುತ್ತಿದ್ದಳು. ಮನೆಗೆ ಬಂದಾಗ ದೃಶ್ಯ ಬಾಯಲ್ಲಿರುತ್ತಿತ್ತು. ನಾನು ಸೊಪ್ಪನ್ನೂ ಹಸ್ತಪ್ರತಿಯನ್ನೂ ಮೇಜಿನ ಮೇಲೆ ಹರಡಿಟ್ಟು ಕಾಯುತ್ತಿದ್ದೆ. "ಆತ್ರಿ, ಅದು ಬರ್ತದ ನನಗ," ಎಂದು ಅವಳು ಸೊಪ್ಪನ್ನು ಮಾತ್ರ ಎಳೆದುಕೊಳ್ಳುತ್ತಿದ್ದಳು.

ಒಂದು ಭಾನುವಾರ ಸ್ನಾನ ಮುಗಿಸಿ ಬಂದಾಗ ಬಾಲ್ಕನಿಯಿಂದ ಅವಳ ಮಾತು ಕೇಳಿಸಿತು.

"ತಡಿಯಪಾ, ತಡಿ. ನನಗ ಹೇಳಲಿಕ್ಕ ಬಿಡು. ಸುಮ್ನಿರು ಅಂದ್ನಿಲ್ಲ? ಹಾಂ, ಹಂಗ."

ಅದಾದ ಮೇಲೆ ನಗು. ನನ್ನೊಡನೆ ಪಾಠ ಮಾಡುವಾಗ ಅವಳು ಹಾಗೆ ನಕ್ಕದ್ದು ನೆನಪಿಲ್ಲ. ನಾನು ಒಳಕ್ಕೆ ಹೋಗಿ, ಒಗೆದ ಬಟ್ಟೆಗಳನ್ನು ಒಂದೊಂದಾಗಿ ಕೊಡವಿ, ಅಗತ್ಯಕ್ಕಿಂತ ಹೆಚ್ಚು ಸದ್ದು ಮಾಡಿ ಹರವಿದೆ. ಬಾಳಿನುದ್ದಕ್ಕೂ ನನ್ನನ್ನು 'ನೀವು' ಎಂದು ಕರೆದವಳು ಆ ವಸ್ತುವನ್ನು 'ನೀನು' ಎನ್ನುತ್ತಿದ್ದಳು. ಗಂಡನಿಗೆ ಬಹುವಚನ, ಹೆಂಡತಿಗೆ ಏಕವಚನ ಎಂಬುದೇ ಅಸಮಾನತೆಯ ಒಂದು ರೂಪವೆಂದು ಮದುವೆಯಾದ ಹೊಸದರಲ್ಲಿ ನಾನೇ ಅವಳಿಗೆ ವಾದಿಸಿ ಹೇಳಿದ್ದೆ; ರೂಢಿ ಬಿಡಲಿಕ್ಕಾಗುವುದಿಲ್ಲ ಎಂದು ಅವಳು ಉತ್ತರಿಸಿದ್ದಳು. ಈಗ ರೂಢಿ ಬಿಟ್ಟಿತ್ತು, ನನ್ನ ಸಲುವಾಗಿ ಅಲ್ಲ.

ಹೋಟೆಲಿನವರಿಗೆ ಹೇಗೋ ಇದರ ವಾಸನೆ ಬಡಿಯಿತು. ಮುಂದಿನ ತಾಲೀಮಿನಲ್ಲಿ ಚಹಾದ ಲೋಟ ಕೈಗಿಡುತ್ತ ಕೇಳಿದರು: "ಹೆಂಗಸರಿಗಾದ್ರೆ ಸವತಿ ಅಂತ ಒಂದು ಶಬ್ದ ಉಂಟು. ಗಂಡಸರಿಗೆ ಎಂತ ಹೇಳುದು ಮಾರಾಯ್ರೆ? ನೀವು ಓದಿದವರು, ಹೇಳಿ."

ನಾನು ಯೋಚಿಸಿದೆ. ಹೆಣ್ಣಿನ ಪಾಲಿಗೆ ಬಂದ ಅನ್ಯಾಯಕ್ಕೆ ಒಂದು ಶಬ್ದ ಕಟ್ಟಿಕೊಟ್ಟ ಭಾಷೆ, ಗಂಡಸಿಗೆ ಆ ಅಗತ್ಯ ಬೀಳುತ್ತದೆಂದು ಊಹಿಸಲೇ ಇಲ್ಲ. ಇದು ಪುರುಷಪ್ರಧಾನ ವ್ಯವಸ್ಥೆಯ ಸಾಕ್ಷ್ಯವೆಂದು ಅವರಿಗೆ ವಿವರಿಸಿದೆ. ಅವರು ಲೋಟ ಎತ್ತಿ ಚಹಾ ಮುಗಿಸಿ, "ಅಂತೂ ಶಬ್ದ ಇಲ್ಲ," ಎಂದರು.

ನನ್ನ ಆಕ್ಷೇಪಣೆಗಳನ್ನು ನಾನು ತಂಡದ ಸಭೆಯಲ್ಲಿ ಮಂಡಿಸಿದೆ. ನಟರ ಧ್ವನಿ ಎಲ್ಲಿ ಉಳಿಯುತ್ತದೆ? ಯಾರು ಎಷ್ಟು ಸಲ ಮರೆತರೆಂಬುದನ್ನು ಯಾರು ನೋಡುತ್ತಾರೆ? ಅಂಥ ಫೋನಿಲ್ಲದ ನಟರ ಗತಿಯೇನು? ಇದೆಲ್ಲಕ್ಕಿಂತ ಮಿಗಿಲಾಗಿ, ಅದು ನನ್ನ ಹೆಂಡತಿಯ ಧಾರವಾಡದ ಉಚ್ಚಾರವನ್ನು ತಪ್ಪೆಂದು ಎಣಿಸಿ ಪುಸ್ತಕದ ಕನ್ನಡಕ್ಕೆ ತಿದ್ದುತ್ತಿತ್ತು. 'ಅದ' ಎಂದರೆ 'ಇದೆ' ಎನ್ನಿ ಎನ್ನುತ್ತಿತ್ತು. ಒಂದು ಪ್ರದೇಶದ ಮಾತನ್ನು ಮತ್ತೊಂದು ಪ್ರದೇಶದ ಅಳತೆಗೋಲಿನಿಂದ ಅಳೆಯುವುದು ದಬ್ಬಾಳಿಕೆ ಎಂದೆ.

ಹೊಟ್ಟೆಕಿಚ್ಚಿನಿಂದ ಹುಟ್ಟಿದ ಆಕ್ಷೇಪಣೆಯೆಂಬ ಕಾರಣಕ್ಕೆ ಅದು ಸುಳ್ಳಾಗಬೇಕಿಲ್ಲ. ಹುಡುಗಿ ಎಲ್ಲವನ್ನೂ ಗಂಭೀರವಾಗಿ ಕೇಳಿದಳು. ಮರೆತದ್ದರ ಲೆಕ್ಕ ನಿರ್ದೇಶಕಿಯಾದ ತನಗೂ ಕಾಣದಂತೆ, ಪಾಠ ಮುಗಿದೊಡನೆ ಧ್ವನಿ ಅಳಿಯುವಂತೆ ಬದಲಾಯಿಸುತ್ತೇನೆ ಎಂದಳು. ಉಚ್ಚಾರದ ವಿಷಯಕ್ಕೆ ಕಿವಿ ಹಿಡಿದುಕೊಂಡು, "ಸಾರಿ ಆಂಟಿ, ಅದು ನಾನು ನೋಡ್ಬೇಕಿತ್ತು," ಎಂದಳು.

"ಇರ್ಲಿ ಬಿಡವಾ," ಎಂದಳು ನನ್ನ ಹೆಂಡತಿ. "ಎರಡು ಸಲ ಬೈದೆ, ತಿದ್ದೂದು ಬಿಡ್ತು. ನಮ್ಮ ಮನಿಯವ್ರು ಇನ್ನೂ ಬಿಟ್ಟಿಲ್ಲ."

ಇದಕ್ಕೆ ನಗಬಾರದಿತ್ತು. ಎಲ್ಲರೂ ನಕ್ಕರು.

ಅದಕ್ಕೊಂದು ಬೇರೆಯ ಏಜೆಂಟ್ ಕೂಡ ಜೊತೆಯಾಗಿತ್ತು, ತಾಲೀಮಿನ ಸಮಯ ಹೊಂದಿಸುವಂಥದು. ಕಲ್ಯಾಣದವರು, ಉಲ್ಹಾಸನಗರದವರು, ನವಿಮುಂಬಯಿಯವರು ಒಂದೇ ಹೊತ್ತಿಗೆ ಸೇರುವುದೆಂದರೆ ಸಣ್ಣ ಕೆಲಸವಲ್ಲ. ಅದರಲ್ಲೂ ಭಾನುವಾರದ ಮೆಗಾ ಬ್ಲಾಕ್, ಅಂದರೆ ಹಳಿ ದುರಸ್ತಿಗೆಂದು ಗಾಡಿಗಳನ್ನು ನಿಲ್ಲಿಸುವ ಹೊತ್ತು, ಯಾವ ಮಾರ್ಗದಲ್ಲಿ ಯಾವಾಗ ಎಂಬುದು ನನ್ನ ವಿಶೇಷ ಕ್ಷೇತ್ರ. ನನ್ನನ್ನು ಕೇಳದೆ ಯಾರೂ ತಾಲೀಮು ಗೊತ್ತುಮಾಡುತ್ತಿರಲಿಲ್ಲ. ಈಗ ನಾನು ಬಾಯಿ ತೆರೆಯುವ ಮೊದಲೇ ಎಲ್ಲರ ಫೋನಿಗೂ ಸಂದೇಶ ಬಂದಿರುತ್ತಿತ್ತು. ಅದು ಸರಿಯಾಗಿಯೂ ಇರುತ್ತಿತ್ತು. ತಪ್ಪು ಹುಡುಕಲು ನಾನು ಪ್ರತಿ ವಾರ ಪ್ರಯತ್ನಿಸಿದೆ.

ಪ್ರದರ್ಶನಕ್ಕೆ ಕೆಲವೇ ವಾರಗಳಿರುವಾಗ ಹುಡುಗಿ ಕೊನೆಯ ದೃಶ್ಯದ ತಾಲೀಮನ್ನು ಏಜೆಂಟಿನೊಂದಿಗೆ ನಡೆಸಿ ನೋಡಬೇಕೆಂದಳು. ನಟಿಯ ಕಿವಿಯಲ್ಲಿ ಕಾಣದಂಥ ಪುಟ್ಟ ಇಯರ್‌ಫೋನ್. ಮರೆತರೆ ಏಜೆಂಟೇ ನೇರವಾಗಿ ಪದ ಕೊಡುವುದು. ಇದು ಫಲಿಸಿದರೆ ಪ್ರದರ್ಶನದ ದಿನ ವಿಂಗ್‌ನಲ್ಲಿ ಸ್ಟೂಲು ಬೇಡ. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಆ ದಿನ ಯಾರೋ ಅದರ ಮೇಲೆ ತಮ್ಮ ಚೀಲವನ್ನಿಟ್ಟಿದ್ದರು.

ಹೋಟೆಲಿನವರು ಕುರ್ಚಿ ಎಳೆದು ಕೂತು ಪ್ರಶ್ನೆ ಕೇಳಿದರು. ನನ್ನ ಹೆಂಡತಿ ಅವರನ್ನು ನೋಡುತ್ತ ನಿಂತಳು. ಒಂದು ಉಸಿರಿನಷ್ಟು ಹೊತ್ತು ಆಗಿರಬಹುದು. ಅವಳ ಮುಖ ಸಿಂಡರಿಸಿತು. ಅವಳು ಇಯರ್‌ಫೋನನ್ನು ಕಿತ್ತು ಅಂಗೈಯಲ್ಲಿ ಹಿಡಿದಳು. ಆ ಪುಟ್ಟ ವಸ್ತುವಿನೊಳಗಿಂದ "ಇದು ಅನ್ಯಾಯ, ಇದು ಅನ್ಯಾಯ" ಎಂಬ ಸಣ್ಣ ದನಿ ನಮಗೂ ಕೇಳಿಸಿತು.

"ಇದಕ್ಕ ಗೊತ್ತಾಗವಲ್ದು," ಎಂದಳು ಅವಳು ಹುಡುಗಿಗೆ. "ನಾ ಮರ್ತಿಲ್ಲ. ನಿಂತೀನಿ."

ನನಗಾದ ಸಂತೋಷವನ್ನು ಮುಚ್ಚಿಡಲಾರೆ. ಎದ್ದು ನಿಂತು, ಯಂತ್ರಕ್ಕೆ ಮೌನದ ಅರ್ಥ ತಿಳಿಯದು, ಮೌನವೂ ಒಂದು ಮಾತು, ಇದನ್ನು ತಿಳಿಯಲು ಮನುಷ್ಯನೇ ಬೇಕು ಎಂದೆ. ಇನ್ನೂ ಹೇಳುತ್ತಿದ್ದೆನೇನೋ.

"ನೀವೂ ಹಂಗ ಮಾಡ್ತೀರಿ," ಎಂದಳು ನನ್ನ ಹೆಂಡತಿ.

ಹೋಟೆಲಿನವರು ಖಾಲಿ ಲೋಟದ ತಳವನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದರು.

ಮನೆಗೆ ನಡೆಯುತ್ತ, ಸ್ಟೇಷನ್ ರಸ್ತೆಯ ರಿಕ್ಷಾಗಳ ನಡುವೆ ನಾನು ಕೇಳಿದೆ: "ಎಂತ ಹೇಳಿದ್ದು ನೀನು ಅಷ್ಟು ಜನರೆದುರು?"

"ಖರೇನ ಹೇಳಿದೆ. ಒಂದೀಟು ನಿಂತ್ರ ಸಾಕು, ವಿಂಗ್‌ನ್ಯಾಗಿಂದ ಮಾತು ಬಂದ ಬಿಡ್ತದ. ಎಷ್ಟು ನಾಟಕ ಆದೂವು! ಒಂದರಾಗರೆ ನನಗ ನಿಲ್ಲಲಿಕ್ಕ ಬಿಟ್ಟೀರೇನು?"

"ನೀನು ಮರೆತದ್ದೇ ಇಲ್ಲವಾ ಹಾಗಾದರೆ?"

"ಮರ್ತೀನಿ. ಮರ್ತಾಗ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ತೀನಿ. ಮೊದಲಿನಿಂದ್ಲೂ ಅದ ಅದು."

"ನಾನು ಅದನ್ನು ನೋಡಿಯೇ ಇಲ್ಲ."

"ಹೆಂಗ ನೋಡ್ತೀರಿ? ತಲಿ ಪುಸ್ತಕದಾಗ ಇರ್ತದಲ್ಲ."

ಪ್ರಾಂಪ್ಟರನಾದವನು ಕಣ್ಣನ್ನು ಹಸ್ತಪ್ರತಿಯಿಂದ ತೆಗೆಯಬಾರದು, ಸಾಲು ತಪ್ಪಿದರೆ ನಾಟಕವೇ ತಪ್ಪುತ್ತದೆ ಎಂದು ನಾನು ಹೇಳಿದೆ. ಅದು ಈಗಲೂ ಸರಿಯೆಂದೇ ನನ್ನ ನಂಬಿಕೆ. ಆದರೂ ಮನೆ ಮುಟ್ಟುವವರೆಗೆ ನನ್ನನ್ನು ಇರಿಯುತ್ತಿದ್ದದ್ದು ಬೇರೆ ಮಾತು. ಅಷ್ಟು ವರ್ಷ ನನಗೆ ಹೇಳದೆ ಇಟ್ಟುಕೊಂಡದ್ದನ್ನು ಅವಳು ಆ ಯಂತ್ರಕ್ಕೆ ಮೊದಲ ವಾರವೇ ಹೇಳಿದ್ದಳು. ಬಾಲ್ಕನಿಯಲ್ಲಿ ಕೇಳಿಸಿದ 'ಸುಮ್ನಿರು' ಎಂಬುದು ಅದೇ ಮಾತು.

"ನನಗೆ ಯಾಕೆ ಹೇಳಲಿಲ್ಲ?"

ಅವಳು ಬೀಗ ತೆಗೆಯುತ್ತಿದ್ದವಳು ಹಾಗೇ ನಿಂತಳು. "ಅದಕ್ಕ ಸುಮ್ನಿರು ಅಂದ್ರ ಸುಮ್ನಿರ್ತದ, ಮರುದಿನ ಮತ್ತ ಹಂಗ ಬರ್ತದ. ನಿಮಗ ಅಂದ್ರ ಯಾಕ, ಏನು, ಎಲ್ಲಿ ತಪ್ಪಾತು ಅಂತ ವಾರಗಟ್ಟಲೆ ನಡೀತದ. ಯಾರಿಗೆ ಬೇಕ್ರಿ ಅದು?"

ನಾನು ಉತ್ತರವಾಗಿ, ಭಿನ್ನಾಭಿಪ್ರಾಯವನ್ನು ಚರ್ಚಿಸದೆ ಮುಚ್ಚಿಡುವುದು ಸಂಬಂಧಕ್ಕೆ ಮಾಡುವ ಅಪಚಾರವೆಂದು ಹೇಳಿದೆ. ಅವಳು ಒಳಗೆ ಹೋಗಿ ಕುಕ್ಕರ್ ಇಟ್ಟಳು.

ಮರುವಾರ ಹುಡುಗಿ ಮನೆಗೇ ಬಂದಳು. ಏಜೆಂಟನ್ನು ನಾಟಕದಿಂದ ತೆಗೆದುಹಾಕುತ್ತಾಳೆಂದು ನಾನು ಭಾವಿಸಿದ್ದೆ, ಅಥವಾ ನನ್ನನ್ನು. ಅವಳು ಎರಡನ್ನೂ ಮಾಡಲಿಲ್ಲ. ಅಡುಗೆಮನೆಯ ಮೇಜಿನ ಬಳಿ ಕೂತು, ಅವಲಕ್ಕಿ ತಿನ್ನುತ್ತ, ನಮ್ಮಿಬ್ಬರ ಕೆಲಸವನ್ನು ಮೊದಲಿನಿಂದ ಕೇಳತೊಡಗಿದಳು.

"ಅಂಕಲ್, ನೀವು ಯಾವಾಗ ಮಾತು ಕೊಡ್ತೀರಿ ಅಂತ ಗೊತ್ತಾಯ್ತು. ಯಾವಾಗ ಕೊಡೋದಿಲ್ಲ?"

ಕಾರ್ಖಾನೆಯಲ್ಲಿ ಗುಣಮಟ್ಟದ ನಿಯಮಗಳನ್ನು ಬರೆದವನು ನಾನು. ಪ್ರತಿಭಟನೆಯ ಮನವಿಗಳನ್ನು ಬರೆದವನು. ಈ ಪ್ರಶ್ನೆಗೆ ನನ್ನಲ್ಲಿ ಒಂದು ಸಾಲೂ ಇರಲಿಲ್ಲ.

"ಆಫೀಸಲ್ಲೂ ಹೀಗೇ ಆಗ್ತದೆ," ಎಂದಳು ಅವಳು. "ಏಜೆಂಟ್ ಏನೇನು ಮಾಡ್ಬೇಕು ಅಂತ ಎಲ್ಲರೂ ಹೇಳ್ತಾರೆ. ಯಾವಾಗ ಸುಮ್ಮನಿರ್ಬೇಕು ಅಂತ ಯಾರೂ ಹೇಳೋದಿಲ್ಲ. ಆಮೇಲೆ ಅದು ಮಧ್ಯೆ ಬಾಯಿ ಹಾಕ್ತದೆ ಅಂತ ಕಂಪ್ಲೇಂಟ್. ನಾನೂ ಇಲ್ಲಿ ಅದೇ ತಪ್ಪು ಮಾಡ್ದೆ ನಾ. ಆಂಟಿ ಕಿವಿಗೆ ಸೀದಾ ಕೊಟ್ಬಿಟ್ಟೆ."

ಆಮೇಲೆ ಅವಳು ಹೊಸ ವ್ಯವಸ್ಥೆಯನ್ನು ವಿವರಿಸಿದಳು. ಏಜೆಂಟ್ ನಟಿಯ ಕಿವಿಯಲ್ಲಿರುವುದಿಲ್ಲ, ನನ್ನ ತೊಡೆಯ ಮೇಲಿರುತ್ತದೆ. ರಂಗದ ಅಂಚಿನ ಮೈಕಿನಿಂದ ಅದು ಮಾತನ್ನು ಕೇಳಿಸಿಕೊಂಡು, ನಾಟಕ ಯಾವ ಸಾಲಿನಲ್ಲಿದೆಯೋ ಆ ಸಾಲನ್ನು ಫೋನಿನ ಪರದೆಯಲ್ಲಿ ಹಿಡಿದುಕೊಂಡಿರುತ್ತದೆ. ಮಾತು ನಿಂತರೆ ಫೋನು ನಡುಗುತ್ತದೆ, ಅಷ್ಟೆ. ಪದ ಕೊಡುವುದು ನಾನು. ನನಗೂ ಒಂದು ಕಟ್ಟು: ಸೆರಗು ಬೆರಳಿಗೆ ಸುತ್ತದಿದ್ದರೆ ನಾನೂ ಬಾಯಿ ತೆರೆಯುವಂತಿಲ್ಲ. ಕೊನೆಯ ಅಧಿಕಾರ ರಂಗದ ಮೇಲಿರುವವಳದು.

"ಹಾಗಾದರೆ ನಾನು ಯಂತ್ರದ ಬಾಯಿ," ಎಂದೆ.

"ಇಲ್ಲ ಅಂಕಲ್. ಅದು ನಿಮ್ಮ ಪುಸ್ತಕ."

ಈ ಉತ್ತರ ನನಗೆ ಒಪ್ಪಿಗೆಯಾಯಿತೆಂದು ಹೇಳಲಾರೆ. ಅದರೊಡನೆ ಒಂದೇ ಸ್ಟೂಲಿನಲ್ಲಿ ಕೂರುವುದಕ್ಕಿಂತ ಬಿಟ್ಟುಕೊಡುವುದೇ ಗೌರವವೆಂದು ಒಂದು ಕ್ಷಣ ಅನ್ನಿಸಿತು. ಆದರೆ ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ನಾನು ಒಂದೇ ಷರತ್ತು ಹಾಕಿದೆ: ಅದಕ್ಕೆ ಖಚಿತವಾಗಿ ತಿಳಿಯದಿದ್ದಾಗ ತಿಳಿಯದೆಂದೇ ಹೇಳಬೇಕು, ತಿಳಿದವರಂತೆ ನಟಿಸಬಾರದು. ಹುಡುಗಿ ತಟ್ಟೆ ಪಕ್ಕಕ್ಕಿಟ್ಟು, "ಇದು ನನ್ನ ಬಾಸ್‌ಗೂ ಹೇಳ್ತೇನೆ," ಎಂದಳು.

ಪ್ರದರ್ಶನ ಠಾಣೆಯ ಒಂದು ಸಭಾಂಗಣದಲ್ಲಿ, ಭಾನುವಾರ ಮಧ್ಯಾಹ್ನ. ಅಂದಿನ ಮೆಗಾ ಬ್ಲಾಕನ್ನು ತಪ್ಪಿಸಿಕೊಂಡು ಎಲ್ಲರೂ ಸಕಾಲಕ್ಕೆ ಬಂದಿದ್ದರು. ಅದರ ಶ್ರೇಯಸ್ಸು ಯಾರಿಗೆ ಸಂದಿತೆಂದು ಬೇರೆ ಹೇಳಬೇಕಿಲ್ಲ. ನಾನು ಸ್ಟೂಲಿನ ಮೇಲೆ ಕೂತೆ. ತೊಡೆಯ ಮೇಲೆ ಹಸ್ತಪ್ರತಿಯ ಬದಲು ಫೋನು. ಕೈಗಳಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ.

ಪರದೆ ಎದ್ದಿತು. ಸಾಲುಗಳು ತಾವಾಗಿಯೇ ಮೇಲಕ್ಕೆ ಸರಿಯುತ್ತಿದ್ದವು. ನನ್ನ ಬೆರಳು ಯಾವ ಸಾಲನ್ನೂ ಹಿಡಿದಿರಬೇಕಾಗಿರಲಿಲ್ಲ. ಮಾಡಲು ಬೇರೇನೂ ಇಲ್ಲದ್ದರಿಂದ ನಾನು ತಲೆಯೆತ್ತಿದೆ.

ನಾನು ಆವರೆಗೆ ನನ್ನ ಹೆಂಡತಿಯ ಅಭಿನಯವನ್ನು ನೋಡಿರಲಿಲ್ಲ. ಪ್ರತಿಯೊಂದು ನಾಟಕಕ್ಕೂ ಅವಳಿಗೆ ಎಲ್ಲರಿಗಿಂತ ಹತ್ತಿರ ಕೂತಿದ್ದವನು ನಾನು. ನೋಡದೆ ಇದ್ದವನೂ ನಾನೊಬ್ಬನೇ. ಖಾನಾವಳಿಯ ಒಲೆಯ ಮುಂದೆ ಅವಳು ಕುಕ್ಕರುಗಾಲಲ್ಲಿ ಕೂತದ್ದು, ಎದ್ದೇಳುವಾಗ ಮೊಣಕಾಲಿನ ಮೇಲೆ ಕೈಯೂರಿದ್ದು, ಗಿರಾಕಿಗೆ ಅನ್ನ ಬಡಿಸುತ್ತ ಅವನ ತಟ್ಟೆಯನ್ನಲ್ಲದೆ ಅವನ ಚಪ್ಪಲಿಯನ್ನೂ ಗಮನಿಸಿದ್ದು, ಇವಾವುವೂ ನಾನು ಬರೆದದ್ದಲ್ಲ. ಕತ್ತಲಲ್ಲಿ ಕೂತಿದ್ದ ಜನ ಇದನ್ನೆಲ್ಲ ವರ್ಷವರ್ಷವೂ ನೋಡುತ್ತ ಬಂದಿದ್ದರು. ಮರುದಿನ ಸ್ಟೇಷನ್ನಿನಲ್ಲಿ ಅವಳನ್ನು ನಿಲ್ಲಿಸಿ ಹೊಗಳುತ್ತಿದ್ದರು. ನಾನು ಪಕ್ಕದಲ್ಲಿ ನಿಂತು, ಎರಡನೆಯ ದೃಶ್ಯದಲ್ಲಿ ಒಂದು ವಾಕ್ಯ ಬಿಟ್ಟುಹೋಯಿತೆನ್ನುತ್ತಿದ್ದೆ. ಯಂತ್ರದ ಮೇಲಿದ್ದ ನನ್ನ ಹೊಟ್ಟೆಕಿಚ್ಚು ಆ ಮಧ್ಯಾಹ್ನ ಇಡೀ ಸಭಾಂಗಣಕ್ಕೆ ಹರಡಿತು.

ಹಾಗೆ ನೋಡುತ್ತಿದ್ದಾಗಲೇ ಅವಳ ಬಲಗೈ ಸೆರಗಿನ ತುದಿಯನ್ನು ಹಿಡಿಯಿತು. ಒಂದು ಸುತ್ತು, ಎರಡು ಸುತ್ತು. ಮರೆತಿದ್ದಳು. ನಾನೂ ಮರೆತಿದ್ದೆ. ನಾನೇ ಬರೆದ ನಾಟಕ. ಅವಳ ಮುಖ ನೋಡುತ್ತ ಯಾವ ಸಾಲಿನಲ್ಲಿದ್ದೇವೆಂಬುದು ನನಗೆ ತಿಳಿದಿರಲಿಲ್ಲ. ತೊಡೆಯ ಮೇಲೆ ಫೋನು ನಡುಗಿತು. ಸಾಲು ಅಲ್ಲಿತ್ತು. "ನೀರಿನ ಬಿಲ್ಲು," ಎಂದು ಪಿಸುಗುಟ್ಟಿದೆ. ಅವಳು ಸೆರಗು ಬಿಟ್ಟು, ನೀರಿನ ಬಿಲ್ಲಿನ ಮಾತನ್ನು ಮುಂದುವರಿಸಿದಳು. ಪದ ಹೋದದ್ದು ನನ್ನ ಬಾಯಿಂದ. ಗೊತ್ತಿದ್ದದ್ದು ಅದಕ್ಕೆ.

ಕೊನೆಯ ದೃಶ್ಯ ಬಂತು. ಹೋಟೆಲಿನವರು ಕುರ್ಚಿ ಎಳೆದು ಕೂತರು. "ಎಲ್ಲರೂ ಒಪ್ಪಿದ್ದಾರೆ. ನೀವೇನು ಹೇಳುತ್ತೀರಿ?" ಎಂದರು.

ಅವಳು ನಿಂತಳು.

ಫೋನು ನಡುಗಿತು. ನಾನು ನೋಡಲಿಲ್ಲ. ಇನ್ನೊಮ್ಮೆ ನಡುಗಿತು. ಬಾಗಿ ನೋಡಿದೆ. ಮೊದಲು ಭಾಷಣದ ಮೊದಲ ಸಾಲು, ಅದರ ಕೆಳಗೆ ಹೀಗಿತ್ತು: "ಮರೆತದ್ದೋ ನಿಂತದ್ದೋ ನನಗೆ ತಿಳಿಯುತ್ತಿಲ್ಲ. ನೀವು ನೋಡಿ."

ನಾನು ನೋಡಿದೆ. ಅವಳ ಬಲಗೈ ಸುಮ್ಮನೆ ಇಳಿಬಿದ್ದಿತ್ತು. ಎಡಗೈಯ ಹೆಬ್ಬೆರಳು ಮಾತ್ರ, ಒಲೆಯ ಪಕ್ಕದ ಕಟ್ಟೆಯ ಮೇಲೆ, ಇಲ್ಲದ ಒಂದು ಮಸಿಯ ಕಲೆಯನ್ನು ನಿಧಾನವಾಗಿ ಉಜ್ಜುತ್ತಿತ್ತು. ಕೆಡವಲಿರುವ ಮನೆಯ ಕಟ್ಟೆಯನ್ನು ಅವಳು ಸ್ವಚ್ಛ ಮಾಡುತ್ತಿದ್ದಳು. ಬಾಯಿಗೆ ಬಂದಿದ್ದ ಪದವನ್ನು ನಾನು ಹಲ್ಲುಕಚ್ಚಿ ಹಿಡಿದೆ. ಹೋಟೆಲಿನವರ ಕಣ್ಣು ಒಮ್ಮೆ ಹೆದರಿ ನನ್ನ ಕಡೆ ಹೊರಳಿತು. ನಾನು ತಲೆಯಲ್ಲಾಡಿಸಿ ಬೇಡವೆಂದೆ.

ಆಮೇಲೆ ಅವಳು, ನಾನು ಬರೆದಾಗ ಕೇಳಿಸಿಕೊಂಡದ್ದಕ್ಕಿಂತ ಎಷ್ಟೋ ಮೆಲ್ಲಗೆ, ಮನೆಗೆ ಬಂದವರಿಗೆ ನೀರು ಬೇಕೇ ಎಂದು ಕೇಳುವವಳಂತೆ, "ಇದು ಅನ್ಯಾಯ," ಎಂದಳು.

ಭಾಷಣದಲ್ಲಿ ಉಳಿದೆಲ್ಲ ತಪ್ಪುಗಳ ಹೆಸರೂ ಬಂದವು, ಒಂದನ್ನೂ ಬಿಡಲಿಲ್ಲ. ಆದರೆ ಜನರಿಗೆ ವಿಷಯ ಅಷ್ಟರಲ್ಲೇ ಮುಟ್ಟಿಯಾಗಿತ್ತೆಂದು ವಿಂಗ್‌ನಲ್ಲಿ ಕೂತ ನನಗೂ ಕಾಣುತ್ತಿತ್ತು.

ಸಂಜೆ ಠಾಣೆಯಿಂದ ಹಿಂತಿರುಗುವಾಗ ಅವಳು ಲೇಡೀಸ್ ಡಬ್ಬಕ್ಕೆ ಹೋಗದೆ ನನ್ನೊಡನೆ ಜನರಲ್ ಡಬ್ಬಕ್ಕೆ ಹತ್ತಿದಳು. ರಜಾದಿನವಾದ್ದರಿಂದ ಕೂರಲು ಜಾಗವೂ ಸಿಕ್ಕಿತು. ಮುಖದ ಬಣ್ಣ ಕಿವಿಯ ಹಿಂದೆ ಇನ್ನೂ ಉಳಿದಿತ್ತು. ಪ್ರತಿ ವರ್ಷದಂತೆ ಕೇಳಿದಳು: "ಹೆಂಗಾತ್ರಿ?"

ಪ್ರತಿ ವರ್ಷ ನಾನು ಬಿಟ್ಟುಹೋದ ಸಾಲುಗಳನ್ನು ಹೇಳುತ್ತಿದ್ದೆ. ಈ ಸಲ ನನ್ನಲ್ಲಿ ಆ ಲೆಕ್ಕವಿರಲಿಲ್ಲ. "ಆ ಕಟ್ಟೆಯ ಮೇಲೆ ಎಂತ ಉಜ್ಜುತ್ತಿದ್ದೆ ನೀನು?" ಎಂದೆ.

ಅವಳು ತಿರುಗಿ ನನ್ನನ್ನು ನೋಡಿದಳು. "ನೋಡಿದ್ರೇನು?"

"ನೋಡಿದೆ."

"ತಾಲೀಮಿನಾಗ ಇರ್ಲಿಲ್ಲದು. ಅಲ್ಲೇ ಬಂತು." ಆಮೇಲೆ, "ಅದಕ್ಕೂ ಗೊತ್ತಾಗಿರ್ತದೇನು?" ಎಂದು ನನ್ನ ಜೇಬಿನಲ್ಲಿದ್ದ ಫೋನಿನ ಕಡೆ ಗಲ್ಲದಿಂದ ತೋರಿಸಿದಳು.

"ಇಲ್ಲ. ಅದಕ್ಕೆ ಕಿವಿ ಮಾತ್ರ ಉಂಟು. ಕಣ್ಣಿಲ್ಲ."

ಇದನ್ನು ನಾನು ತುಸು ಜೋರಾಗಿಯೇ ಹೇಳಿರಬೇಕು. ಎದುರು ಸೀಟಿನವರು ತಲೆಯೆತ್ತಿದರು. ಅಷ್ಟರಲ್ಲಿ ಅವಳ ಫೋನಿಗೆ ಹುಡುಗಿಯ ಸಂದೇಶ ಬಂತು. ಓದಿ ಹೇಳಿದಳು: "ಭಾಳ ಖುಷಿಯಾಗ್ಯಾಳ. ಮುಂದಿನ ವರ್ಷ ಅದಕ್ಕ ಒಂದು ಕ್ಯಾಮೆರಾನೂ ಕೊಡೂಣು ಅಂತಾಳ. ಸೆರಗು ಅದೂ ನೋಡ್ಲಿ ಅಂತ."

ನಾನು ನೆಟ್ಟಗೆ ಕೂತೆ. "ಇದನ್ನು ಸಭೆಯಲ್ಲಿ ಎತ್ತಲೇಬೇಕು. ಕಲಾವಿದೆಯ ದೇಹದ ಮೇಲೆ ಯಂತ್ರದ ಕಣ್ಣಿಡುವುದು ಎಂದರೆ, ಮೊದಲನೆಯದಾಗಿ, ಅದು ಖಾಸಗಿತನದ..."

"ಸ್ವಲ್ಪ ಸುಮ್ನಿರು ಮಾರಾಯಾ," ಎಂದಳು ಅವಳು, ನಮ್ಮ ಕಡೆಯ ಮಾತಿನಲ್ಲಿ, ಏಕವಚನದಲ್ಲಿ, ನಗುತ್ತ.

ಮುಂಬ್ರಾದ ಕತ್ತಲಿನ ಸುರಂಗ ಬಂತು, ಹೋಯಿತು. ಕಿಟಕಿಯಲ್ಲಿ ಖಾಡಿಯ ಹಿನ್ನೀರು ಕಾಣಿಸಿತು. ಡೊಂಬಿವಲಿ ಬರುವವರೆಗೆ ನಾನು ಒಂದು ಮಾತೂ ಆಡಲಿಲ್ಲ.